ದುಬೈ ದುಡ್ಡು ಭಾವನ ಅಕೌಂಟಿಗೆ

ಪ್ರಶ್ನೆ: ಅಕ್ಕ, ನಮ್ದು ಕುಂದಾಪುರದ ಹತ್ರ. ನಮ್ಮನೆಯವ್ರು ದುಬೈಯಲ್ಲಿ ಡ್ರೈವರ್. ತಿಂಗಳು ತಿಂಗಳು ದುಡ್ಡು ಕಳಿಸ್ತಾರೆ, ಆದ್ರೆ ಅದು ಬೀಳೋದು ಭಾವನ (ಅವರ ಅಣ್ಣನ) ಅಕೌಂಟಿಗೆ. ಮಗನ ಸ್ಕೂಲ್ ಫೀಸಿಗೂ ನಾನು ಅವರ ಮುಂದೆ ನಿಂತು ಕೇಳ್ಬೇಕು. ಹೊಸ ಮನೆ ಸ್ಲ್ಯಾಬ್ ಹಾಕಿ ನಿಂತೋಗಿದೆ. ಫೋನಲ್ಲಿ ಹೇಳಿದ್ರೆ "ಅಷ್ಟು ಕಳಿಸಿದ್ರೂ ಸಾಲಲ್ವಾ" ಅಂತ ರೇಗ್ತಾರೆ. ಊರವ್ರಿಗೆ ಮಾತ್ರ ನಾನು ದುಬೈ ಸಾಹುಕಾರ್ತಿ. ಏನ್ ಮಾಡ್ಲಿ? (ಹೆಸರು ಹಾಕ್ಬೇಡಿ)

ಉತ್ತರ: ನೋಡಮ್ಮ, ಭಾವ ದುಡ್ಡು ತಿಂತಿದ್ದಾರೆ ಅಂತ ನಾನು ಹೇಳಲ್ಲ, ಗೊತ್ತಿಲ್ದೆ ಹಾಗನ್ನೋದು ತಪ್ಪು. ಹಿಂದೆ ನಮ್ಮ ಕಡೆಯವ್ರು ಬೊಂಬಾಯಿ ಹೋಟೆಲಲ್ಲಿ ದುಡಿದು ಮನಿಯಾರ್ಡರ್ ಮಾಡ್ತಿದ್ದಾಗ್ಲೂ ಅದು ಮನೆ ಹಿರಿಯರ ಹೆಸರಿಗೇ ಬರ್ತಿತ್ತು, ಪೋಸ್ಟ್‌ಮ್ಯಾನ್ ಹೋಗಿ ಆ್ಯಪ್ ಬಂದ್ರೂ ರೂಢಿ ಅದೇ. ಆದ್ರೆ ಸಂಸಾರ ನಡೆಸೋಳು ನೀವು, ಲೆಕ್ಕ ಇನ್ನೊಬ್ರ ಕೈಲಿ ಅಂದ್ರೆ ಜಗಳ ಆಗ್ದೆ ಇನ್ನೇನಾಗುತ್ತೆ.

ಮನೆಖರ್ಚಿನ ದುಡ್ಡು ನೇರ ನಿಮ್ಮ ಸೇವಿಂಗ್ಸ್ ಅಕೌಂಟಿಗೆ ಬರ್ಲಿ. ಗಂಡ ಹೆಂಡ್ತಿಗೆ ಕಳಿಸಿದ್ದಕ್ಕೆ ನಿಮಗೆ ಟ್ಯಾಕ್ಸ್ ಬೀಳಲ್ಲ, ಹೆದರ್ಬೇಡಿ. ಉಳಿತಾಯ ಅವರ ಎನ್‌ಆರ್‌ಇ ಅಕೌಂಟಲ್ಲೇ (ಹೊರದೇಶದಲ್ಲಿ ದುಡಿಯೋರು ಇಲ್ಲಿನ ಬ್ಯಾಂಕಲ್ಲಿ ಇಡೋ ಖಾತೆ) ಇರ್ಲಿ, ಅದರ ಬಡ್ಡಿಗೆ ಇಲ್ಲಿ ಟ್ಯಾಕ್ಸ್ ಇಲ್ಲ. ಅದಕ್ಕೆ ನಿಮ್ಮನ್ನ ಜಾಯಿಂಟ್ ಸೇರಿಸ್ಬಹುದು, ಆದ್ರೆ ಅವರಿರೋವರೆಗೆ ನೀವು ದುಡ್ಡು ತೆಗಿಬೇಕಂದ್ರೆ ಪವರ್ ಆಫ್ ಅಟಾರ್ನಿ ಥರ ಒಪ್ಪಿಗೆ ಪತ್ರ ಬೇಕು, ರಜೆಯಲ್ಲಿ ಬಂದಾಗ ಇಬ್ರೂ ಬ್ಯಾಂಕಿಗೆ ಹೋಗಿ ಮುಗಿಸ್ಕೊಳ್ಳಿ.

ನಂಗೆ ನಿಜವಾಗಿ ಭಯ ಆಗಿದ್ದು ಆ ಸ್ಲ್ಯಾಬ್ ವಿಷಯ ಓದಿ. ಜಾಗ ಯಾರ ಹೆಸರಲ್ಲಿದೆ? ಆರ್‌ಟಿಸಿ (ಪಹಣಿ) ತೆಗೆಸಿ ನೋಡಿ, ಸೈಟಾದ್ರೆ ಪಂಚಾಯ್ತಿಯ ಫಾರಂ 9/11 (ಆಸ್ತಿ ದಾಖಲೆ) ನೋಡಿ. ಅತ್ತೆ ಹೆಸರಲ್ಲೋ, ಪಾಲಾಗದ ಕುಟುಂಬದ ಜಾಗದಲ್ಲೋ ನಿಮ್ಮವ್ರ ದುಡ್ಡಲ್ಲಿ ಮನೆ ಎದ್ದಿದ್ರೆ ನಾಳೆ ಪಾಲಿನ ಹೊತ್ತಿಗೆ "ನಾನು ಕಳಿಸಿದ್ದು" ಅನ್ನೋಕೆ ದಾಖಲೆ ತೋರಿಸೋದು ಕಷ್ಟ. ಪಾಲು ಆಗೋವರೆಗೆ ಇನ್ನೊಂದು ಚೀಲ ಸಿಮೆಂಟೂ ಬೇಡ ಅಂತ ನನ್ನ ಅಭಿಪ್ರಾಯ. ಆಮೇಲೆ ಕಟ್ಟೋದಾದ್ರೂ ನೆಂಟರ ಕಣ್ಣಿಗೆ ಅಂತ ಎರಡು ಫ್ಲೋರ್ ಬೇಡ, ಬಾಗ್ಲು ಹಾಕಿದ ಅಂಥ ದೊಡ್ಡ ಮನೆಗಳು ನಮ್ಮ ಕರಾವಳಿಯಲ್ಲಿ ಬೇಕಾದಷ್ಟಿವೆ.

ಅಲ್ಲಿ ಇವ್ರಿಗೆ ಪೆನ್ಶನ್ ಅಂತ ಏನೂ ಇಲ್ಲ. ಯುಎಇ ಕಾನೂನಲ್ಲಿ ಕೆಲಸ ಬಿಡುವಾಗ ಗ್ರಾಚ್ಯುಟಿ ಸಿಗುತ್ತೆ, ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್ ಸಂಬಳ, ಆಮೇಲೆ 30 ದಿನದ್ದು, ಅಷ್ಟೇ. ಬೇಸಿಕ್ಕೇ ಕಡಿಮೆ ಇದ್ರೆ ಅದೆಷ್ಟು ದಿನ ಬರುತ್ತೆ ಹೇಳಿ.

ಇನ್ನು ರೇಗೋದು. ಅವರು ಬೆಡ್‌ಸ್ಪೇಸಲ್ಲಿ, ಅಂದ್ರೆ ಹಲವರಿರೋ ರೂಮಲ್ಲಿ ಒಂದು ಮಂಚದಷ್ಟು ಜಾಗದಲ್ಲಿ ಇದ್ಕೊಂಡು ಊಟದಲ್ಲಿ ಉಳಿಸಿ ಕಳಿಸ್ತಿರ್ಬಹುದು, ಇಲ್ಲಿ ಗ್ಯಾಸು, ಫೀಸು, ಅತ್ತೆ ಮಾತ್ರೆ ಎಷ್ಟಾಗಿದೆ ಅಂತ ಅವರಿಗೆ ಅಂದಾಜೇ ಇರಲ್ಲ. ಭಾವನ ಮೇಲೆ ದೂರು ಹೇಳ್ಬೇಡಿ, ಅಣ್ಣನ್ನ ಅಂದ್ರೆ ಮಾತು ಅಲ್ಲಿಗೇ ನಿಲ್ಲುತ್ತೆ. ಎರಡು ತಿಂಗಳ ಖರ್ಚು ಪುಸ್ತಕದಲ್ಲಿ ಬರೆದು ಫೋಟೋ ವಾಟ್ಸಾಪ್ ಮಾಡಿ, ಆ ರಾತ್ರಿಯೇ ಫೋನ್ ಮಾಡಿ ವಾದಕ್ಕಿಳಿಬೇಡಿ, ಮೊದ್ಲು ಅವರು ಓದ್ಲಿ.