ಒಂಟಿ ಹಳಿಯಲ್ಲಿ ಎರಡು ರೈಲುಗಳು: ನ್ಯಾಶ್‌ವಿಲ್, 1918
1918ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಡಿಕ್ಕಿಯಾದ ಎರಡು ಪ್ರಯಾಣಿಕ ರೈಲುಗಳು ಒಂದೇ ಹಳಿಗೆ ಹೇಗೆ ಬಂದವು ಎಂದು ಕೇಳಿದ್ದೀರಿ. ನ್ಯಾಶ್‌ವಿಲ್‌ನಿಂದ ರೈಲ್ವೆ ಕಾರ್ಯಾಗಾರದವರೆಗೆ ಮಾತ್ರ ಜೋಡಿ ಹಳಿ, ಮುಂದೆ ಒಂಟಿ. ಮೆಂಫಿಸ್ ಕಡೆಯಿಂದ ಬರುತ್ತಿದ್ದ 1ನೇ ನಂಬರಿನ ರೈಲು ದಾಟುವವರೆಗೆ ನ್ಯಾಶ್‌ವಿಲ್‌ನಿಂದ ಹೊರಟ 4ನೇ ನಂಬರಿನದು ಕಾರ್ಯಾಗಾರದ ಬಳಿ ಕಾಯಬೇಕಿತ್ತು. ಎದುರಾದ ಶಂಟಿಂಗ್ ಎಂಜಿನ್ (ಬೋಗಿಗಳನ್ನು ಅತ್ತಿತ್ತ ಸಾಗಿಸುವ ಎಂಜಿನ್) ಮತ್ತು ಖಾಲಿ ಬೋಗಿಗಳನ್ನೇ 4ನೇ ರೈಲಿನ ಸಿಬ್ಬಂದಿ 1ನೇ ರೈಲೆಂದು ಭಾವಿಸಿ, ಕಾಯದೆ ಮುಂದೆ ಹೋದರು. ಆದರೂ ತಪ್ಪನ್ನೆಲ್ಲ ಚಾಲಕನೊಬ್ಬನ ಮೇಲೆ ಹೊರಿಸುವುದನ್ನು ನಾನು ಒಪ್ಪುವುದಿಲ್ಲ. ರೈಲುಗಳಿಗೆ ದಾರಿ ತೋರುವ ಗೋಪುರದ ಸಿಗ್ನಲ್ ಕೂಡ ದಾರಿ ಬಿಟ್ಟಿತ್ತು. ಜುಲೈ 9ರ ಬೆಳಿಗ್ಗೆ ಡಚ್‌ಮನ್ಸ್ ತಿರುವಿನಲ್ಲಿ ಮುಖಾಮುಖಿ ಡಿಕ್ಕಿ. ಅಧಿಕೃತ ಲೆಕ್ಕದಲ್ಲಿ 101 ಸಾವು. ಸತ್ತವರಲ್ಲಿ ಹಲವರು ಸಿಡಿಮದ್ದಿನ ಕಾರ್ಖಾನೆಯ ಕೆಲಸಕ್ಕೆ ಹೊರಟಿದ್ದ ಆಫ್ರಿಕನ್ ಅಮೆರಿಕನ್ನರು. ವರ್ಣಭೇದದ ಕಟ್ಟಳೆ ಅವರನ್ನು ಮರದ ಬೋಗಿಗಳಲ್ಲಿ ಕೂರಿಸಿತ್ತು; ಪುಡಿಯಾದದ್ದು ಆ ಬೋಗಿಗಳೇ.