ಕುಂಡಕ್ಕೆ ಚಹಾ ಕುಡಿಸಬೇಡಿ

ಮಳೆ ಹಿಂದೆ ಸರಿಯುತ್ತಿದ್ದಂತೆ ಬಾಲ್ಕನಿ ತೋಟಗಾರರ ಪ್ರಶ್ನೆಗಳು ರಾಶಿ ಬೀಳುತ್ತವೆ. ಮುಂಬಯಿ, ಪುಣೆ, ಗೋವಾದ ಓದುಗರು ಈ ಸಲ ಕೇಳಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ಬಗೆಯವು: ಅಡುಗೆಮನೆಯಲ್ಲಿ ಉಳಿದದ್ದನ್ನೆಲ್ಲ ಪ್ರೀತಿಯಿಂದ ಹಾಕಿದೆವು, ಗಿಡ ಯಾಕೆ ಸೊರಗಿತು?

ಪ್ರಶ್ನೆ: ಮೊಬೈಲ್‌ನಲ್ಲಿ ನೋಡಿ ತುಳಸಿ ಮತ್ತು ಗುಲಾಬಿಗೆ ಅಕ್ಕಿ ತೊಳೆದ ನೀರು, ಸೋಸಿದ ಚಹಾಪುಡಿ, ಬಾಳೆಹಣ್ಣಿನ ಸಿಪ್ಪೆ, ಮೊಟ್ಟೆಯ ಚಿಪ್ಪು ದಿನವೂ ಹಾಕುತ್ತಿದ್ದೇನೆ. ಆದರೂ ತುಳಸಿ ಎಲೆ ಉದುರಿಸುತ್ತಿದೆ. ಕುಂಡದ ತುಂಬ ಇರುವೆ, ಸಣ್ಣ ಗುಂಗುರು. ಏನು ಕೊರತೆ? (ಡೊಂಬಿವಲಿಯ ಗೃಹಿಣಿ)

ಕೊರತೆ ಏನೂ ಇಲ್ಲ, ಅತಿಯಾಗಿದೆ. ಬೇರಿಗೆ ಹಲ್ಲಿಲ್ಲ, ಕೊಳೆತು ನೀರಿನಲ್ಲಿ ಕರಗಿದ್ದನ್ನಷ್ಟೇ ಅದು ಹೀರಬಲ್ಲದು. ಹಸಿ ಸಿಪ್ಪೆ ಕುಂಡದೊಳಗೇ ಕೊಳೆಯಲು ಹತ್ತಿದರೆ, ಆ ಕೆಲಸ ಮಾಡುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ಗಾಳಿಯನ್ನೂ ಸಾರಜನಕವನ್ನೂ ಮೊದಲು ತಾವು ಬಳಸಿಕೊಳ್ಳುತ್ತವೆ. ಗಿಡದ ಪಾಲು ಆಮೇಲೆ.

ಒಂದೊಂದಾಗಿ ನೋಡೋಣ. ನಮ್ಮ ಮನೆಗಳ ಚಹಾಪುಡಿ ಬರೀ ಚಹಾಪುಡಿಯಲ್ಲ, ಅದರಲ್ಲಿ ಹಾಲು, ಸಕ್ಕರೆ, ಕೆಲವೊಮ್ಮೆ ಶುಂಠಿಯ ಚೂರೂ ಇರುತ್ತದೆ. ಇರುವೆ ಬಂದದ್ದು ಸಕ್ಕರೆಗೆ. ಹಾಲಿಗೆ ಬೂಷ್ಟೂ ಹಿಡಿಯುತ್ತದೆ. ಎರಡು ಮೂರು ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ತಿಂಗಳಿಗೊಮ್ಮೆ ಒಂದು ಹಿಡಿ ಮಣ್ಣಿಗೆ ಬೆರೆಸಿದರೆ ತೊಂದರೆಯಿಲ್ಲ. ಮೊಟ್ಟೆಯ ಚಿಪ್ಪು ಬಹುತೇಕ ಸುಣ್ಣವೇ. ಮುರಿದು ಎಸೆದ ಚಿಪ್ಪು ವರ್ಷವಾದರೂ ಹಾಗೆಯೇ ಇರುತ್ತದೆ. ಮಿಕ್ಸಿಯಲ್ಲಿ ಹಿಟ್ಟಿನಂತೆ ಪುಡಿ ಮಾಡಿದರೆ ಮಾತ್ರ ನಿಧಾನವಾಗಿ ಕರಗುತ್ತದೆ. ಅಕ್ಕಿ ತೊಳೆದ ನೀರಿನಲ್ಲಿ ಪೋಷಕಾಂಶ ತೀರ ಕಡಿಮೆ. ಆದರೂ ಅದು ನೀರು ತಾನೇ, ಚೆಲ್ಲುವುದಕ್ಕಿಂತ ಗಿಡಕ್ಕೆ ಹಾಕಿ, ಆದರೆ ತೊಳೆದ ದಿನವೇ. ಮೂರು ದಿನ ಹುಳಿಯಿಟ್ಟರೆ ಸತ್ವ ನೂರ್ಮಡಿಯಾಗುತ್ತದೆ ಎನ್ನುವ ವಿಡಿಯೋಗಳನ್ನು ನಾನೂ ನೋಡಿದ್ದೇನೆ. ಹೆಚ್ಚಾಗುವುದು ವಾಸನೆ ಮತ್ತು ನೆರೆಮನೆಯವರ ಸಿಟ್ಟು.

ಎಲೆ ಉದುರುವುದಕ್ಕೆ ಮುಖ್ಯ ಕಾರಣ ಮಾತ್ರ ಬೇರೆಯೇ ಇರಬೇಕು ಎಂದು ನನ್ನ ಅನುಮಾನ. ಕುಂಡವನ್ನು ಎತ್ತಿ ತಳದ ತೂತು ನೋಡಿ. ಚಹಾಪುಡಿ ಪದರ ಕಟ್ಟಿ, ಬೇರು ಬೆಳೆದು ತೂತು ಮುಚ್ಚಿದ್ದರೆ ಒಳಗೆ ನೀರು ನಿಂತು ಬೇರು ಕೊಳೆಯುತ್ತದೆ. ಒಂದು ಕಡ್ಡಿಯಿಂದ ತೂತು ಬಿಡಿಸಿ. ಮೇಲಿನ ಒಂದು ಅಂಗುಲ ಮಣ್ಣನ್ನು ಸಿಪ್ಪೆ ಸಮೇತ ತೆಗೆದುಹಾಕಿ. ಇನ್ನು ಮುಂದೆ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ, ಒಣಗಿದೆ ಅನಿಸಿದರೆ ಮಾತ್ರ ನೀರು ಹಾಕಿ. ಪೂಜೆಯ ನೆಪದಲ್ಲಿ ಬೆಳಿಗ್ಗೆ ಸಂಜೆ ತಂಬಿಗೆ ತಂಬಿಗೆ ಸುರಿದು ಕೊಂದ ತುಳಸಿಗಳಿಗೆ ಲೆಕ್ಕವಿಲ್ಲ. ದೇವರಿಗೆ ಒಂದು ಉದ್ಧರಣೆ ನೀರು ಸಾಕು.

ಸಿಪ್ಪೆಗಳನ್ನೆಲ್ಲ ಏನು ಮಾಡುವುದು? ಗೊಬ್ಬರ ಮಾಡಿ. ಗೋಡೆಗೆ ಬಳಿಯುವ ಬಣ್ಣದ 20 ಲೀಟರಿನ ಖಾಲಿ ಬಕೆಟ್ ಒಂದನ್ನು ಚೆನ್ನಾಗಿ ತೊಳೆದು, ಕಾದ ಮೊಳೆಯಿಂದ ತಳಕ್ಕೂ ಪಕ್ಕಗಳಿಗೂ ತೂತು ಮಾಡಿ. ಒಂದು ಬಟ್ಟಲು ತರಕಾರಿ ಸಿಪ್ಪೆಗೆ ಎರಡು ಬಟ್ಟಲು ಒಣ ಸಾಮಗ್ರಿ: ಸೊಸೈಟಿಯ ಅಂಗಳದಲ್ಲಿ ಗುಡಿಸಿದ ಎಲೆ, ಹರಿದ ವೃತ್ತಪತ್ರಿಕೆ, ಬಿಡಿಸಿದ ತೆಂಗಿನ ನಾರು. ಶುರುವಿನಲ್ಲಿ ಒಂದು ಹಿಡಿ ಹಳೆಯ ಗೊಬ್ಬರ ಅಥವಾ ತೋಟದ ಮಣ್ಣು ಹಾಕಿ. ಮೂರು ನಾಲ್ಕು ದಿನಕ್ಕೊಮ್ಮೆ ಕೆದಕಿ. ಹಿಡಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಒಸರಿದರೆ ಹದ ಸರಿಯಿದೆ. ನೀರು ಸುರಿದರೆ, ನಾರಿದರೆ, ಒಣ ಎಲೆ ಸೇರಿಸಿ. ದಪ್ಪ ಬೂದು ಹುಳುಗಳು ಕಂಡರೆ ಕಿರುಚಿ ಬಕೆಟ್ ಎಸೆಯಬೇಡಿ, ಅವು ಸಾಮಾನ್ಯವಾಗಿ ಕೊಳೆಯನ್ನಷ್ಟೇ ತಿನ್ನುವ ಒಂದು ಜಾತಿಯ ನೊಣದ ಮರಿಗಳು. ಬೇಯಿಸಿದ ಅನ್ನ, ಎಣ್ಣೆ, ಮೀನಿನ ಮುಳ್ಳು ಹಾಕದಿದ್ದರೆ ಇಲಿಯ ಕಾಟವೂ ಕಡಿಮೆ. ಸುಮಾರು ಎರಡು ತಿಂಗಳಿಗೆ ಕಪ್ಪಗೆ, ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ. ಪುಣೆಯ ಚಳಿಗಾಲದಲ್ಲಿ ಇನ್ನಷ್ಟು ದಿನ ಹಿಡಿಯಬಹುದು.

ಪ್ರಶ್ನೆ: ಹಿತ್ತಲಲ್ಲಿ ಹಾಕಿದ ಬಸಳೆಯ ಎಲೆ ಹಳದಿಯಾಗುತ್ತಿದೆ. ನೀರೊಲೆಯ ಬೂದಿ ಧಾರಾಳವಾಗಿದೆ, ಹಾಕಬಹುದೇ? ಪುಣೆಯಲ್ಲಿರುವ ನನ್ನ ತಂಗಿ ಬೂದಿ ಹಾಕಿ ದಾಸವಾಳ ಹಾಳಾಯಿತು ಎನ್ನುತ್ತಾಳೆ. (ವಾಸ್ಕೊ, ಗೋವಾ)

ನೀವಿಬ್ಬರೂ ಹೇಳುತ್ತಿರುವುದು ಸರಿ. ಗೋವಾದ್ದು ಮುರಕಲ್ಲಿನ ಕೆಂಪು ಮಣ್ಣು. ಹುಳಿ ಗುಣದ್ದು, ಜೋರು ಮಳೆಗೆ ಸುಣ್ಣ, ಪೊಟ್ಯಾಷ್ ಎಲ್ಲ ತೊಳೆದುಹೋಗಿರುತ್ತದೆ. ಕಟ್ಟಿಗೆ ಅಥವಾ ತೆಂಗಿನ ಸೋಗೆಯ ಬೂದಿ ಕ್ಷಾರ ಗುಣದ್ದು, ಸುಣ್ಣ ಮತ್ತು ಪೊಟ್ಯಾಷ್ ಎರಡನ್ನೂ ಕೊಡುತ್ತದೆ. ಅಲ್ಲಿಗೆ ಅದು ಮದ್ದು. ಬುಡದಿಂದ ಒಂದು ಗೇಣು ದೂರದಲ್ಲಿ, ಗಿಡಕ್ಕೆ ಒಂದು ಹಿಡಿ, ಮಳೆಗಾಲ ಮುಗಿದ ಮೇಲೆ ಒಮ್ಮೆ ಹಾಕಿದರೆ ಸಾಕು. ಒಲೆಗೆ ಪ್ಲಾಸ್ಟಿಕ್ ಹಾಕುವ ಅಭ್ಯಾಸವಿದ್ದರೆ ಮಾತ್ರ ಆ ಬೂದಿ ಬೇಡ.

ಪುಣೆಯ ಸುತ್ತಿನ ಕಪ್ಪು ಮಣ್ಣು ಬಸಾಲ್ಟ್ ಬಂಡೆಯಿಂದ ಬಂದದ್ದು. ಸುಣ್ಣದ ಅಂಶ ಮೊದಲೇ ಹೆಚ್ಚು, ಕ್ಷಾರವೂ ಹೌದು. ಅದಕ್ಕೆ ಮತ್ತೆ ಬೂದಿ ಸುರಿದರೆ ಮಣ್ಣಿನಲ್ಲಿ ಕಬ್ಬಿಣ ಇದ್ದೂ ಗಿಡಕ್ಕೆ ದಕ್ಕುವುದಿಲ್ಲ. ತಂಗಿಯವರ ದಾಸವಾಳದ ಚಿಗುರೆಲೆ ನೋಡಲು ಹೇಳಿ: ಎಲೆಯ ಮೈ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಬಲೆಯ ಗೆರೆಗಳಂತೆ ಎದ್ದು ಕಂಡರೆ ಅದೇ ಕಾಯಿಲೆ. ಅವರು ಬೂದಿಯನ್ನೂ ಮೊಟ್ಟೆಯ ಚಿಪ್ಪನ್ನೂ ನಿಲ್ಲಿಸಿ, ಕೊಳೆತ ಗೊಬ್ಬರ ಹೆಚ್ಚು ಹಾಕಲಿ.

ನಿಮ್ಮ ಬಸಳೆಯಲ್ಲಿ ಹಳದಿಯಾದದ್ದು ಚಿಗುರೋ, ಬುಡದ ಎಲೆಯೋ ಬರೆದಿಲ್ಲ. ಬುಡದ ಎಲೆಗಳಾದರೆ ಸಾರಜನಕದ ಕೊರತೆ. ಬೂದಿಯಲ್ಲಿ ಸಾರಜನಕ ಇರುವುದಿಲ್ಲ. ಎರಡು ಹಿಡಿ ಗೊಬ್ಬರ ಕೊಡಿ, ಅಥವಾ ಕಡಲೆಕಾಯಿ ಹಿಂಡಿಯನ್ನು ನೀರಿನಲ್ಲಿ ಎರಡು ದಿನ ನೆನೆಸಿ, ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹಾಕಿ. ಬೂದಿ ಮತ್ತು ಗೊಬ್ಬರವನ್ನು ಒಂದೇ ದಿನ ಹಾಕಬೇಡಿ, ಕೆಲವು ವಾರ ಬಿಡುವು ಇರಲಿ. ಬಳ್ಳಿ ತೀರ ಮುದಿಯಾಗಿದ್ದರೆ ನಾಲ್ಕು ಗೆಣ್ಣಿನ ದಂಟು ಕತ್ತರಿಸಿ ಎರಡು ಗೆಣ್ಣು ಮಣ್ಣಿನೊಳಗೆ ಹೂತುಬಿಡಿ. ಉಳಿದ ದಂಟು ಹೇಗೂ ಸಾರಿಗಾಯಿತು.

ಪ್ರಶ್ನೆ: ನಮ್ಮ ಬಾಲ್ಕನಿ ಉತ್ತರಕ್ಕಿದೆ. ಟೊಮೆಟೊ, ಮೆಣಸು ಬರುತ್ತವೆಯೇ? (ಮೀರಾ ರೋಡ್)

ಬರುವುದಿಲ್ಲ ಎಂದೇ ತಿಳಿಯಿರಿ. ಮುಂಬಯಿಯಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲುವುದು ಮೇ ನಡುವಿನಿಂದ ಜುಲೈ ಕೊನೆಯವರೆಗೆ ಮಾತ್ರ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಮೋಡ. ಬೀಜಕ್ಕೆ ದುಡ್ಡು ಹಾಕುವ ಬದಲು ನೆರಳನ್ನು ಒಪ್ಪುವ ಒಂದೆಲಗ, ದೊಡ್ಡಪತ್ರೆ, ವೀಳ್ಯದೆಲೆ ಬೆಳೆಸಿ. ಪೇಟೆಯಿಂದ ತಂದ ಪುದೀನದ ಎಲೆ ಬಿಡಿಸಿ, ದಂಟನ್ನು ನೀರಿನ ಲೋಟದಲ್ಲಿಟ್ಟರೆ ವಾರ ಹತ್ತು ದಿನದಲ್ಲಿ ಬೇರು ಬಿಡುತ್ತದೆ. ತಂಬುಳಿಗೆ, ಚಟ್ನಿಗೆ ಇಷ್ಟು ಸಾಲದೇ?

ಪ್ರಶ್ನೆ: ಕರಿಬೇವಿನ ಗಿಡ ಮೂರು ವರ್ಷದಿಂದ ಮೊಳಕಾಲೆತ್ತರ ದಾಟಿಲ್ಲ. ಹುಳಿ ಮಜ್ಜಿಗೆ ಹಾಕುತ್ತೇನೆ. ಈಗ ಎಲೆಗಳ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತೆ ಇದೆ, ಎಲೆಗಳೂ ಮಾಯವಾಗುತ್ತಿವೆ. (ಮುಲುಂಡ್)

ಆ ಹಿಕ್ಕೆಯನ್ನು ಹತ್ತಿರದಿಂದ ನೋಡಿ, ನಿಧಾನವಾಗಿ ಎಲೆ ಮೇಯುತ್ತಿರುತ್ತದೆ. ಅದು ನಿಂಬೆ ಚಿಟ್ಟೆಯ ಅಥವಾ ಅದರ ಬಳಗದ ಇನ್ನೊಂದು ಚಿಟ್ಟೆಯ ಹುಳು. ಎಳವೆಯಲ್ಲಿ ಕಪ್ಪು ಬಿಳುಪು, ಹಕ್ಕಿಗಳ ಕಣ್ಣು ತಪ್ಪಿಸುವ ವೇಷ. ಬೆಳೆದ ಮೇಲೆ ಅಚ್ಚ ಹಸಿರು. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಅಥವಾ ಕೆಂಪು ಬಣ್ಣದ ಕವಲು ಕೊಂಬು ಚಾಚಿ ಘಾಟು ವಾಸನೆ ಬಿಡುತ್ತದೆ. ಎರಡು ಮೂರು ಹುಳು ಸೇರಿದರೆ ಸಣ್ಣ ಗಿಡವನ್ನು ಬೋಳು ಮಾಡಲು ಹೆಚ್ಚು ದಿನ ಬೇಕಿಲ್ಲ. ಔಷಧಿ ಬೇಡ, ನಾಳೆ ಒಗ್ಗರಣೆಗೆ ಹಾಕುವ ಎಲೆ ಅದು. ಹುಳುವನ್ನು ಎಲೆ ಸಮೇತ ಕಿತ್ತು, ಹತ್ತಿರದಲ್ಲಿ ದೊಡ್ಡ ನಿಂಬೆ ಅಥವಾ ಬಿಲ್ವದ ಮರವಿದ್ದರೆ ಅದರ ಮೇಲೆ ಬಿಟ್ಟುಬನ್ನಿ, ಅವೂ ಅದಕ್ಕೆ ಆಹಾರವೇ. ಚಿಗುರಿನ ಮೇಲೆ ಸಾಸಿವೆಗಿಂತ ಚಿಕ್ಕದಾದ ತಿಳಿಹಳದಿ ಮೊಟ್ಟೆಗಳನ್ನು ವಾರಕ್ಕೆರಡು ಸಲ ಹುಡುಕಿ ಒರೆಸಿದರೆ ಮುಂದಿನ ಕಾಟ ತಪ್ಪುತ್ತದೆ.

ಗಿಡ ಎತ್ತರವಾಗದಿರುವುದು ಬೇರೆ ವಿಷಯ. ನೀವು ಎಲೆಯನ್ನು ಒಂದೊಂದಾಗಿ ಚಿವುಟುತ್ತಿದ್ದೀರಿ ಎಂದು ಊಹಿಸುತ್ತೇನೆ. ಕತ್ತರಿಯಲ್ಲಿ ತುದಿಯನ್ನೇ ಕತ್ತರಿಸಿ. ಅದರ ಕೆಳಗಿನಿಂದ ಎರಡು ಕವಲು ಬರುತ್ತವೆ. ಹೂಗೊಂಚಲು ಕಂಡರೆ ತೆಗೆಯಿರಿ. ಕನಿಷ್ಠ ಹನ್ನೆರಡು ಅಂಗುಲದ ಕುಂಡ, ನಾಲ್ಕೈದು ಗಂಟೆ ಬಿಸಿಲು ಬೇಕು. ಹುಳಿ ಮಜ್ಜಿಗೆ ನಮ್ಮ ಮನೆಗಳ ಹಳೆಯ ಪದ್ಧತಿ. ನೀರು ಮಾಡಿ ತಿಂಗಳಿಗೊಮ್ಮೆ ಹಾಕಿದರೆ ಕೆಡುಕಿಲ್ಲ, ಆದರೆ ಚಿಕ್ಕ ಕುಂಡದ ಇಕ್ಕಟ್ಟನ್ನು ಮಜ್ಜಿಗೆ ನೀಗುವುದಿಲ್ಲ. ಹಾಲಿಗೂ ಒಂದು ಉಪಯೋಗವಿದೆ: ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಸಿಂಪಡಿಸಿದರೆ ಕುಂಬಳ ಜಾತಿಯ ಬಳ್ಳಿಗಳ ಬೂದಿ ರೋಗ ಹಿಡಿತಕ್ಕೆ ಬರುತ್ತದೆ. ಬ್ರೆಜಿಲ್‌ನ ಪ್ರಯೋಗದ ಫಲಿತಾಂಶ 1999ರಲ್ಲಿ ಪ್ರಕಟವಾಗಿದೆ. ಕರಿಬೇವಿಗೆ ಅದು ಬೇಕಿಲ್ಲ.

ಪ್ರಶ್ನೆ: ದಾಸವಾಳದ ಮೊಗ್ಗಿಗೆ ಬಿಳಿ ಹತ್ತಿಯಂತಹ ಹುಳು. ಬಟ್ಟೆ ಒಗೆಯುವ ಪುಡಿ ಕಲಸಿ ಹೊಡೆದೆ, ಎಲೆಯ ಅಂಚು ಸುಟ್ಟಿತು. ತಂಬಾಕಿನ ಕಷಾಯ ಮಾಡಲೇ? (ಪಿಂಪ್ರಿ)

ತಂಬಾಕು ಬೇಡವೇ ಬೇಡ. ಅದರ ನಿಕೋಟಿನ್ ನಿಮಗೂ ಮಕ್ಕಳಿಗೂ ವಿಷ, ಪಕ್ಕದಲ್ಲಿ ಟೊಮೆಟೊ ಅಥವಾ ಮೆಣಸು ಇದ್ದರೆ ತಂಬಾಕಿನ ನಂಜುರೋಗವೂ ಅಂಟಬಹುದು. ಒಗೆಯುವ ಪುಡಿಯಲ್ಲಿ ಸೋಡಾ, ಲವಣ ಎಲ್ಲ ಇರುತ್ತವೆ, ಎಲೆ ಸುಡದೆ ಇನ್ನೇನು?

ಇದು ಹಿಟ್ಟು ತಿಗಣೆ. ತೀರ ಮುತ್ತಿದ ತುದಿಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ, ಗೊಬ್ಬರದ ಬಕೆಟ್‌ಗೆ ಅಲ್ಲ. ಉಳಿದದ್ದಕ್ಕೆ ನೀರನ್ನು ರಭಸವಾಗಿ ಬಿಟ್ಟು ತೊಳೆಯಿರಿ. ಗೆಣ್ಣಿನ ಸಂದಿಯಲ್ಲಿ ಅಡಗಿದವನ್ನು ಕಿವಿಯ ಹತ್ತಿಕಡ್ಡಿಗೆ ಸ್ಪಿರಿಟ್ ಅದ್ದಿ ಒರೆಸಿ. ಆಮೇಲೆ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಚಹಾ ಚಮಚ ಬೇವಿನ ಎಣ್ಣೆ, ಅರ್ಧ ಚಮಚ ಸೌಮ್ಯ ದ್ರವ ಸೋಪು ಹಾಕಿ ಚೆನ್ನಾಗಿ ಕುಲುಕಿ, ಬಿಸಿಲು ಇಳಿದ ಮೇಲೆ ಎಲೆಯ ಅಡಿಗೂ ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ವಾರ. ಗಿಡದ ಮೇಲೆ ಇರುವೆ ಸಾಲುಗಟ್ಟಿದೆಯೇ ನೋಡಿ. ತಿಗಣೆ ಒಸರುವ ಸಿಹಿಗಾಗಿ ಇರುವೆಗಳು ಅದನ್ನು ಕಾಯುತ್ತವೆ. ಗೋಡೆಗೆ, ಗ್ರಿಲ್ಲಿಗೆ ತಾಗಿದ ಕೊಂಬೆ ಕತ್ತರಿಸಿ ಅವುಗಳ ದಾರಿ ತಪ್ಪಿಸಿ.

ಪ್ರಶ್ನೆ: ದೀಪಾವಳಿಗೆ ಹತ್ತು ದಿನ ಕುಂದಾಪುರಕ್ಕೆ ಹೋಗುತ್ತೇವೆ. ಗಿಡಗಳಿಗೆ ನೀರು ಹಾಕುವವರಿಲ್ಲ. (ಘಾಟ್ಕೋಪರ್)

ಮುಂಬಯಿಯ ಅಕ್ಟೋಬರ್ ಬಿಸಿಲು ಮೇ ತಿಂಗಳಿಗೇನೂ ಕಡಿಮೆಯಿಲ್ಲ, ಹಾಗಾಗಿ ತಯಾರಿ ಬೇಕು. ಹೊರಡುವ ಹಿಂದಿನ ದಿನ ಎಲ್ಲ ಕುಂಡಗಳನ್ನೂ ಗ್ರಿಲ್ಲಿನಿಂದ ಇಳಿಸಿ, ನೆರಳಿನ ಮೂಲೆಯಲ್ಲಿ ಒಂದಕ್ಕೊಂದು ತಾಗಿಸಿಡಿ. ತಳದಿಂದ ಹರಿಯುವಷ್ಟು ನೀರು ಕೊಟ್ಟು, ಮಣ್ಣಿನ ಮೇಲೆ ಒದ್ದೆ ತೆಂಗಿನ ನಾರು ಅಥವಾ ನಾಲ್ಕು ಪದರ ವೃತ್ತಪತ್ರಿಕೆ ಹೊದಿಸಿ. ನಡುವೆ ಒಂದು ಸ್ಟೂಲಿನ ಮೇಲೆ ನೀರು ತುಂಬಿದ ಬಕೆಟ್ ಇಡಿ. ಹಳೆಯ ಹತ್ತಿ ಸೀರೆ ಅಥವಾ ಪಂಚೆಯನ್ನು ಉದ್ದಕ್ಕೆ ಹರಿದು ಹೆಣೆದು, ಪೂರ್ತಿ ಒದ್ದೆ ಮಾಡಿ, ಒಂದು ತುದಿ ಬಕೆಟ್‌ನ ತಳಕ್ಕೆ ಮುಟ್ಟುವಂತೆ, ಇನ್ನೊಂದು ತುದಿ ಕುಂಡದ ಮಣ್ಣಿನೊಳಗೆ ಎರಡು ಅಂಗುಲ ಹೂತಿರುವಂತೆ ಬಿಡಿ. ಒಂದೇ ಬಕೆಟ್‌ಗೆ ಎಂಟು ಹತ್ತು ಬತ್ತಿ ಇಳಿಬಿಟ್ಟರೆ ಬೇಗ ಬರಿದಾಗುತ್ತದೆ, ಹೆಚ್ಚು ಕುಂಡಗಳಿದ್ದರೆ ಎರಡು ಬಕೆಟ್ ಇಡಿ. ಹೋಗುವ ಮೊದಲು ಎರಡು ದಿನ ಇದನ್ನು ಪರೀಕ್ಷಿಸಿ ನೋಡಿ, ಬತ್ತಿ ದಪ್ಪವಾದರೆ ಕೆಳಗಿನ ಮನೆಯ ಬಟ್ಟೆಗಳ ಮೇಲೆ ತೊಟ್ಟಿಕ್ಕೀತು.

ಇನ್ನೊಂದು ಮಾತು. ಡೆಂಗಿ ಹರಡುವ ಸೊಳ್ಳೆ ಇಂತಹ ನಿಂತ ನೀರಿನಲ್ಲೇ ಮೊಟ್ಟೆಯಿಡುತ್ತದೆ, ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಕುಂಡದಡಿಯ ತಟ್ಟೆಗಳನ್ನು ಬರಿದು ಮಾಡಿ, ಒಳಗೋಡೆಯನ್ನು ಬ್ರಷ್‌ನಿಂದ ಉಜ್ಜಿ ಬೋರಲು ಹಾಕಿ. ಒಣಗಿದರೂ ಅದರ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ. ಬಕೆಟ್‌ನ ಬಾಯಿಗೆ ಬತ್ತಿ ಹೋಗುವಷ್ಟು ಸಂದಿ ಬಿಟ್ಟು ಬಟ್ಟೆ ಬಿಗಿಯಾಗಿ ಕಟ್ಟಿ.