ಬಂಡೆಯ ಕೆಂಪು ಮಾತ್ರ ಉಳಿಯಬೇಕಾದರೆ ಮರಳನ್ನು ಏನು ಮಾಡುವುದು?

ನೀವು ಕೇಳಿದ್ದು ಇದು: ಜೋರ್ಡಾನಿನ ವಾಡಿ ರಮ್ ಮರುಭೂಮಿಗೆ ಹೋಗುತ್ತಿದ್ದೀರಿ. ಫೋಟೋದಲ್ಲಿ ಬಂಡೆಯ ಕೆಂಪು ಮಾತ್ರ ಉಳಿದು ಮಿಕ್ಕಿದ್ದೆಲ್ಲ ಕಪ್ಪು-ಬಿಳುಪಾಗಬೇಕು. ಅದಕ್ಕೆ ಕ್ಯಾಮೆರಾದ ಸೆಲೆಕ್ಟಿವ್ ಕಲರ್ ಮೋಡ್ (ಆರಿಸಿದ ಬಣ್ಣ ಮಾತ್ರ ಉಳಿಸುವ ಮೋಡ್) ಸಾಕಾ?

ಸಾಕಾಗುವುದಿಲ್ಲ. ಆ ಮೋಡ್‌ಗೆ ಗೊತ್ತಾಗುವುದು ಬಣ್ಣ ಅಷ್ಟೇ, ಬಂಡೆ ಯಾವುದು ಮರಳು ಯಾವುದು ಅಂತ ಅಲ್ಲ. ಅಲ್ಲಿ ಬಂಡೆಯೂ ಕೆಂಪು, ಮರಳೂ ಕೆಂಪು. ಒಂಟೆಯ ಮೈ, ಗೈಡ್‌ನ ಮುಖ ಕೂಡ ಅದೇ ಕಿತ್ತಳೆ ಗುಂಪಿಗೆ ಸೇರುತ್ತವೆ. ಬೇರೆಯಾಗಿ ಸಿಗುವುದು ಆಕಾಶದ ನೀಲಿ ಮಾತ್ರ. ಜೊತೆಗೆ ಆ ಮೋಡ್ ಸಾಮಾನ್ಯವಾಗಿ ಕೊಡುವುದು ಜೆಪೆಗ್, ಹೋದ ಬಣ್ಣ ಹೋದ ಹಾಗೇ. ಹಾಗಾಗಿ ಕ್ಯಾಮೆರಾ ಕಂಡ ಬಣ್ಣವೆಲ್ಲ ಉಳಿಯುವ ರಾ ಫೈಲ್‌ನಲ್ಲಿ ತೆಗೆಯಿರಿ. ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ಸೆಟ್ಟಿಂಗ್) ಡೇಲೈಟ್‌ಗೆ ಇಡಿ. ಆಟೋದಲ್ಲಿ ಬಿಟ್ಟರೆ ಫ್ರೇಮ್ ತುಂಬಾ ಇರುವ ಕೆಂಪನ್ನು ಕ್ಯಾಮೆರಾ ತಾನೇ ನೀಲಿಯ ಕಡೆ ಎಳೆದು ಮಂಕು ಮಾಡಿಬಿಡಬಹುದು.

ಸಮಯದ ಬಗ್ಗೆ ನನ್ನದು ಸ್ವಲ್ಪ ಉಲ್ಟಾ ಸಲಹೆ. ಎಲ್ಲರೂ ಸಂಜೆಯ ಹೊಂಬಿಸಿಲಿಗೆ ಕಾಯುತ್ತಾರೆ. ಈ ಕೆಲಸಕ್ಕೆ ಅದು ತೊಂದರೆಯೇ ಜಾಸ್ತಿ. ಆ ಬೆಳಕಿನಲ್ಲಿ ಬೂದು ಬಣ್ಣದ ಕಲ್ಲೂ ಕಿತ್ತಳೆಯಾಗಿ ಕಾಣುತ್ತದೆ. ಬಿಸಿಲು ಸ್ವಲ್ಪ ಏರಿದ ಮೇಲೆ ತೆಗೆಯಿರಿ. ಆಗ ನೆರಳಿನ ಮೇಲೆ ಆಕಾಶದ ನೀಲಿ ಬಿದ್ದಿರುತ್ತದೆ, ಬಿಸಿಲಿನ ಬಂಡೆ ಅದರಿಂದ ಬೇರೆಯಾಗಿ ನಿಲ್ಲುತ್ತದೆ.

ಆಮೇಲೆ ಫೋಟೋ ತಿದ್ದುವ ಲೈಟ್‌ರೂಮ್ ತಂತ್ರಾಂಶದಲ್ಲಿ ನೀಲಿ ಮತ್ತು ಆಕ್ವಾ (ಹಸಿರು-ನೀಲಿ) ಬಣ್ಣಗಳ ಸ್ಯಾಚುರೇಷನ್, ಅಂದರೆ ಗಾಢತೆ, ಪೂರ್ತಿ ಇಳಿಸಿ. ನೀಲಿಯ ಲ್ಯೂಮಿನನ್ಸ್ (ಹೊಳಪು) ಕೂಡ ಸ್ವಲ್ಪ ತಗ್ಗಿಸಿದರೆ ಆಕಾಶ ಕಡು ಬೂದಾಗಿ ಬಂಡೆ ಎದ್ದು ಕಾಣುತ್ತದೆ. ತೀರಾ ಇಳಿಸಿದರೆ ಬಂಡೆಯ ಅಂಚಿಗೆ ಬಿಳಿ ಗೆರೆ ಬರುತ್ತದೆ, ನೋಡಿಕೊಳ್ಳಿ. ಮರಳಿಗೆ ಈ ಸ್ಲೈಡರ್‌ಗಳು ನಡೆಯುವುದಿಲ್ಲ. ಮಾಸ್ಕ್ ಹಾಕಿ, ಅಂದರೆ ಮರಳಿನ ಭಾಗ ಮಾತ್ರ ಆರಿಸಿಕೊಂಡು, ಬ್ರಷ್‌ನಲ್ಲೇ ಬಣ್ಣ ತೆಗೆಯಬೇಕು. ಮರಳು ಬಂಡೆಗಿಂತ ಬೆಳ್ಳಗಿದ್ದರೆ ಹೊಳಪು ನೋಡಿ ಭಾಗ ಆರಿಸುವ ಲ್ಯೂಮಿನನ್ಸ್ ರೇಂಜ್ ಅರ್ಧ ಕೆಲಸ ಮಾಡಿಕೊಡುತ್ತದೆ. ಬಂಡೆಯ ಬುಡದಲ್ಲಿ ಮಾತ್ರ ಒಂದಿಷ್ಟು ಬಣ್ಣ ಉಳಿಸಿ. ಇಲ್ಲದಿದ್ದರೆ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ.

ಹೋಗುವ ಮೊದಲು ಊರಲ್ಲೇ ಕೈ ಪಳಗಿಸಿಕೊಳ್ಳಿ. ನಮ್ಮ ಸಾಗರ, ಹೊಸನಗರದ ಕಡೆ ಜಂಬಿಟ್ಟಿಗೆ ಕಲ್ಲಿಗೇನು ಬರವಾ? ಅದರ ಕೆಂಪೂ ಮರುಭೂಮಿ ಬಂಡೆಯ ಕೆಂಪೂ ಕಬ್ಬಿಣದ ಆಕ್ಸೈಡ್‌ನಿಂದಲೇ ಬಂದದ್ದು. ಆದರೆ ಅಡಿಕೆ ತೋಟದ ಪಕ್ಕದ ಕಲ್ಲು ಆರಿಸಬೇಡಿ. ಹಸಿರಿನ ಎದುರು ಕೆಂಪು ಸುಮ್ನೆ ಒಂದೇ ಸ್ಲೈಡರ್‌ಗೆ ಬಿಡಿಸಿಕೊಂಡು ಬರುತ್ತದೆ, ಏನೂ ಕಲಿತ ಹಾಗಾಗುವುದಿಲ್ಲ. ಬೇಸಿಗೆಯಲ್ಲಿ ಹಂಚಿನ ಮಾಡು, ಜಂಬಿಟ್ಟಿಗೆ ಗೋಡೆ, ಕೆಮ್ಮಣ್ಣಿನ ರಸ್ತೆ ಮೂರೂ ಒಂದೇ ಫ್ರೇಮ್‌ಗೆ ಬರುವ ಜಾಗ ಹುಡುಕಿ. ಅದರಲ್ಲಿ ಗೋಡೆಯ ಬಣ್ಣ ಒಂದನ್ನೇ ಉಳಿಸಲು ಬಂದರೆ ವಾಡಿ ರಮ್‌ನ ಫೋಟೋ ನಿಮಗೆ ಕಷ್ಟವಾಗುವುದಿಲ್ಲ.